ಬೆಳಕಿಂಡಿಗೆ ತುಂಬಿದ ಹತ್ತಿ

ಮಾಶಾಕ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಕೋಣೆ ಉತ್ತರ ಕೊಡಲಿಲ್ಲ.

ಇನ್ನೊಂದು ತಟ್ಟಿದ. ಊಹೂಂ. ಸದ್ದು ಅಂಗೈಯಿಂದ ಹೊರಟಿತೋ ಇಲ್ಲವೋ ಅನ್ನುವ ಹಾಗೆ ಅಲ್ಲೇ ಸತ್ತುಹೋಯಿತು.

“ಯಾಕ್ರಿ ಕಾಕಾ, ಏನಾತು?” ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದ ದುರ್ಗಾ ಕೇಳಿದಳು.

“ಇದು ನಾ ಮಾಡಿಕೊಟ್ಟ ಖೋಲಿ ಅಲ್ಲ ತಂಗೀ,” ಎಂದ ಮಾಶಾಕ.

ಮಾಶಾಕ ಲಕ್ಷ್ಮೇಶ್ವರದ ಪೇಟೆಯಲ್ಲಿ ಗಾದಿ ಹೊಲಿಯುವ ನದಾಫ. ವಯಸ್ಸು ಐವತ್ತೆಂಟು. ಗಾದಿಯ ಹೊಲಿಗೆ ಬಿಚ್ಚಿದರೆ ಅದರ ಮೇಲೆ ಮಲಗಿದವರ ಗುಟ್ಟನ್ನೂ ಬಿಚ್ಚುತ್ತಾನೆ ಎಂದು ಮುಂಡರಗಿಯವರೆಗೂ ಹೆಸರು. ಪೊಲೀಸರು ಕೈಚೆಲ್ಲಿದ ಎರಡು ಪ್ರಕರಣ ಅವನ ದಬ್ಬಣದ ತುದಿಗೆ ಸಿಕ್ಕಿ ಬಯಲಾಗಿದ್ದವು. ಆದರೆ ಈ ಸಲ ಅವನು ಬಂದದ್ದು ಬೇರೆಯವರ ತಪ್ಪು ಹುಡುಕಲು ಅಲ್ಲ, ತನ್ನದೇ ತಪ್ಪೇನಾದರೂ ಇದೆಯೇ ಎಂದು ನೋಡಲು.

ಇಪ್ಪತ್ತು ದಿನದ ಹಿಂದೆ ದುರ್ಗಾಳ ಗಂಡ, ತತ್ವಪದ ಹಾಡುತ್ತಿದ್ದ ಸೋಮೇಶ, ಇದೇ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಮನೆಗೆ ಬಂದ ಡಾಕ್ಟರು ಎದೆ ನಿಂತಿತು ಎಂದು ಬರೆದುಕೊಟ್ಟು ಹೋಗಿದ್ದರು. ಮಾಶಾಕನ ಎದೆ ಮಾತ್ರ ಆ ಮಾತನ್ನು ಒಪ್ಪಿರಲಿಲ್ಲ.

ಬೆಟಗೇರಿಯ ಹಳೆಯ ಮಣ್ಣಿನ ಮಾಳಿಗೆ ಮನೆ ಅದು. ಆ ಕೋಣೆಯ ತೊಲೆಗಳು ಎಷ್ಟು ಕೆಳಗೆಂದರೆ ಕೈ ಎತ್ತಿದರೆ ಬೆರಳಿಗೆ ತಾಗುತ್ತವೆ. ಅಂಥಲ್ಲಿ ಹಾಡುವುದೆಂದರೆ ಕೊಡದೊಳಗೆ ತಲೆ ಇಟ್ಟು ಹಾಡಿದ ಹಾಗೆ. ದನಿ ಮೇಲಕ್ಕೆ ಬಡಿದು ಹಾಡಿದ ಮಾತಿನ ಬೆನ್ನಿಗೇ ಮೈಕಿನೊಳಗೆ ಬಂದು ಬೀಳುತ್ತದೆ. ಹಾಡು ರೆಕಾರ್ಡ್ ಮಾಡಲು ಕೋಣೆ ಸಜ್ಜುಮಾಡಿಕೊಡು ಎಂದು ಮಾಶಾಕನನ್ನು ಕರೆಸುವ ಮೊದಲು ಸೋಮೇಶ ಯಾರದೋ ಮಾತು ಕೇಳಿ ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿ ಕೂತಿದ್ದ. ಮಾಶಾಕ ಮೊದಲು ಮಾಡಿದ ಕೆಲಸವೆಂದರೆ ಅವನ್ನು ಕಿತ್ತು ಹಿತ್ತಲಿಗೆ ಎಸೆದದ್ದು. “ಇದರಾಗ ಕೋಳಿ ಸುದ್ದಾ ಹಾಡಂಗಿಲ್ಲೋ ತಮ್ಮಾ,” ಎಂದು ನಗಿಸಿಯೂ ಇದ್ದ.

ಆಮೇಲೆ ನಾಲ್ಕೂ ಮೂಲೆಗೆ ನೆಲದಿಂದ ತೊಲೆಯವರೆಗೆ ಬಿಗಿಯಾಗಿ ಹತ್ತಿ ತುಂಬಿದ ದಪ್ಪ ಲೋಡು ನಿಲ್ಲಿಸಿದ. ತೊಲೆಗಳ ಕೆಳಗೆ ನಾಲ್ಕು ಬೆರಳು ಸಂದು ಬಿಟ್ಟು ತೆಳ್ಳನೆಯ ಗಾದಿಗಳನ್ನು ತೂಗುಹಾಕಿದ. ಮೂಡಣ ಗೋಡೆಯ ಕಟ್ಟಿಗೆ ಕಪಾಟಿಗೆ ಮಾತ್ರ ಕೈ ಹಚ್ಚಲಿಲ್ಲ. ಎಲ್ಲವನ್ನೂ ಮುಚ್ಚಿದರೆ ಹಾಡು ಹೆಣವಾಗುತ್ತದೆ, ಒಂದು ಚೂರು ಜೀವ ಉಳಿಯಬೇಕು ಎಂಬುದು ಅವನ ಲೆಕ್ಕ. ಆ ಒಂದು ಚೂರು ಈಗ ಇರಲಿಲ್ಲ.

“ಒಂದೀಟು ಹೊರಗ ಬಾರವಾ.”

ಇಬ್ಬರೂ ಪಡಸಾಲೆಗೆ ಬಂದರು. ಪಕ್ಕದ ಮನೆಯಲ್ಲಿ ಮುತ್ತಣ್ಣನ ಪವರ್‌ಲೂಮುಗಳು ಕಿವಿ ತೂತಾಗುವ ಹಾಗೆ ಬಡಿಯುತ್ತಿದ್ದವು. ಮತ್ತೆ ಒಳಗೆ ಹೋದರು. ಪಿಟ್ಟೆಂದರೆ ಪಿಟ್ಟಿಲ್ಲ.

“ನಾ ಮಾಡಿಕೊಟ್ಟು ಹೋದಾಗ ಈ ಸಪ್ಪಳ ಒಳಗ ಸಣ್ಣಗ ಕೇಳಸ್ತಿತ್ತು. ಕೇಳಸಲೇಬೇಕಿತ್ತು.”

“ಅದರ ಸಲುವಾಗೇ ಅಲ್ಲೇನ್ರಿ ಇವರಿಗೂ ಮುತ್ತಣ್ಣಾರಿಗೂ ಮಾತಿಗೆ ಮಾತು ಬೆಳದದ್ದು? ನಗರಸಭೆಗೆ ಅರ್ಜಿ ಸುದ್ದಾ ಕೊಟ್ಟಿದ್ರು ಇವರು.” ದುರ್ಗಾ ಸೆರಗು ಸರಿಮಾಡಿಕೊಂಡಳು. “ಹಂಗಂತ ಮುತ್ತಣ್ಣಾರು ಕೆಟ್ಟವರಲ್ರಿ. ಆ ದಿನ ನಾ ಹೊರಗ ಹೋಗಿ ತಡಾಗಿ ಬರೂದ್ರಾಗ, ಒಳಗಿಂದ ಹಾಕಿದ್ದ ಚಿಲಕಾ ಮುರದು ಇವರನ್ನ ಹೊರಗ ತಂದವರು ಅವರ. ಇವತ್ತಿಗೂ ಅವರ ಮನಿಂದ ನನಗ ರೊಟ್ಟಿ ಬರ್ತಾವು.”

ಮಾಶಾಕ ತಲೆಯಾಡಿಸಿದ.

“ಅದನ್ನ ಬಿಡ್ರಿ ಕಾಕಾ. ನಾ ನಿಮ್ಮನ್ನ ಕರಸಿದ್ದು ಉಸಿರಿನ ಸಲುವಾಗಿ,” ಎಂದಳು ದುರ್ಗಾ. “ಇಲ್ಲಿ ಒಬ್ಬಾಕಿನ ಕುಂತ್ರ ಉಸಿರಾಡಿದ್ದು ಕೇಳತೈತಿ.”

“ಸಪ್ಪಳಿಲ್ಲದ ಖೋಲ್ಯಾಗ ನಮ್ಮ ಉಸಿರು ನಮಗ ಕೇಳತೈತವಾ. ಅದಕ್ಕ ಹೆದರಬಾರದು.”

“ನನ್ನ ಉಸಿರು ನನಗ ಗೊತ್ತಾಗಂಗಿಲ್ಲೇನ್ರಿ? ಎರಡು ಕೇಳತಾವ್ರಿ. ಒಂದು ನಂದು.”

ಮಾಶಾಕ ಒಂದು ಲೋಡಿಗೆ ಕಿವಿ ಹಚ್ಚಿದ. ನಲವತ್ತು ವರ್ಷ ಹತ್ತಿಯ ಜೊತೆ ಬಾಳಿದವನು ಅವನು. ಹತ್ತಿ ದನಿಯನ್ನು ನುಂಗುತ್ತದೆ ಎಂದು ಗಿರಾಕಿಗಳಿಗೆ ನೂರು ಸಲ ಹೇಳಿದ್ದಾನೆ. ನುಂಗಿದ್ದನ್ನು ಏನು ಮಾಡುತ್ತದೆ ಎಂದು ಯಾರೂ ಕೇಳಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಮೂಲೆಯ ಲೋಡಿನ ಪಕ್ಕ, ಸೋಮೇಶ ಹಾಡುವಾಗ ಬಡಿಯುತ್ತಿದ್ದ ದಮ್ಮಡಿ ಗೋಡೆಗೆ ನೇತುಬಿದ್ದಿತ್ತು. ಅದರ ಕೆಳಗೆ ಇದ್ದಿಲು ಉರಿಸುವ ಕಬ್ಬಿಣದ ಒಲೆ, ಶೇಗಡಿ, ತಣ್ಣಗೆ.

ಹೊತ್ತು ಮೂರೂವರೆ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ನಾಳೆ ಮುಂಜಾನೆ ಸೋಮೇಶನ ತಮ್ಮ ವಿಶಾಲ ಆಳುಗಳನ್ನು ಕರೆತಂದು ಈ ಗಾದಿಗಳನ್ನೆಲ್ಲ ಕಿತ್ತು ಸುಡಿಸುವವನಿದ್ದ. ನೋಡುವುದಿದ್ದರೆ ಇವತ್ತೇ ನೋಡಬೇಕು.

ಮಾಶಾಕ ಕೈ ಎತ್ತಿ ನಡುವಿನ ಗಾದಿಯ ಹಗ್ಗ ಸಡಿಲಿಸಿದ.

ಅದರ ಹಿಂದೆ, ಎರಡು ತೊಲೆಗಳ ನಡುವೆ, ಮಾಳಿಗೆಯ ಬೆಳಕಿಂಡಿ ಇತ್ತು. ಕಿಟಕಿಯೇ ಇಲ್ಲದ ಆ ಕೋಣೆಗೆ ಗಾಳಿಯ ದಾರಿ ಅದೊಂದೇ. ಅದನ್ನು ಮುಚ್ಚು ಎಂದು ಸೋಮೇಶ ದುಂಬಾಲು ಬಿದ್ದಿದ್ದ. ಮಾಶಾಕ ಮುಚ್ಚದೆ, ಒಳಗೆ ಹತ್ತಿ ಹೊದಿಸಿದ ಸೊಟ್ಟನೆಯ ಕಟ್ಟಿಗೆ ಪೆಟ್ಟಿಗೆಯೊಂದನ್ನು ಅದರ ಬಾಯಿಗೆ ಕೂಡಿಸಿದ್ದ. ಗಾಳಿ ಸೊಟ್ಟ ದಾರಿಯಲ್ಲೂ ಬರುತ್ತದೆ, ದನಿ ಸೊಟ್ಟ ದಾರಿಯಲ್ಲಿ ದಣಿಯುತ್ತದೆ. ಮಗ್ಗದ ಸದ್ದು ಮುಕ್ಕಾಲು ಪಾಲು ಅಲ್ಲೇ ಸಾಯುತ್ತಿತ್ತು. ಉಳಿದ ಕಾಲು ಪಾಲು, ಗಾಳಿ ಬರುತ್ತಿದೆ ಎಂಬುದಕ್ಕೆ ಸಾಕ್ಷಿ.

ಅವನ ಬೆರಳು ಪೆಟ್ಟಿಗೆಯ ಬಾಯಿಯನ್ನು ತಡಕಿತು. ಬಾಯಿ ಇರಬೇಕಾದಲ್ಲಿ ಬಟ್ಟೆ ಸಿಕ್ಕಿತು. ಬಟ್ಟೆಯ ಹಿಂದೆ ಕಲ್ಲಿನ ಹಾಗೆ ಒತ್ತಿ ತುಂಬಿದ ಹತ್ತಿ.

“ಯಾ ಅಲ್ಲಾ! ಇದನ್ನ ತುಂಬ್ಯಾರವಾ.” ಮಾಶಾಕ ಶೇಗಡಿಯ ಕಡೆ ಕೈ ತೋರಿಸಿದ. “ಮಳಿಗಾಲದಾಗ ದಮ್ಮಡಿ ಚರ್ಮ ಜೋತು ಬೀಳತೈತಿ, ಕಾಸಾಕ ಶೇಗಡಿ ಬೇಕು. ಇದ್ದಿಲದ ಹವಾ ಹೊರಗ ಹೋಗಾಕ ಇದೊಂದ ದಾರಿ ಇತ್ತು. ಅದು ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಬಡಿಯಂಗಿಲ್ಲ. ಮಲಗಿದಾಂವ ಮಲಗಿದಲ್ಲೇ ಹೋಗತಾನ. ಇದನ್ನ ತುಂಬಿದವರು ಯಾರ ಇರಲಿ, ಸೋಮೇಶಪ್ಪನ ಕುತಿಗಿ ಹಿಚಗಿದ್ಹಂಗ!”

ಚೌಕಟ್ಟು ಹಿಡಿದ ದುರ್ಗಾಳ ಬೆರಳು ಬಿಳಿಚಿಕೊಂಡಿದ್ದವು. ಪಾಪ, ಗಂಡನ ಸಾವು ಮತ್ತೊಮ್ಮೆ ಕಣ್ಣಮುಂದೆ ಬಂತು ಎಂದುಕೊಂಡ ಮಾಶಾಕ. ತನ್ನ ಎದೆಯ ಮೇಲಿನ ಕಲ್ಲು ಇಳಿದದ್ದಕ್ಕೆ ಒಳಗೊಳಗೇ ಹಗುರವಾಗಿ, ಹಾಗೆ ಹಗುರವಾದದ್ದಕ್ಕೆ ನಾಚಿಕೊಂಡ. ಅವನ ಕೆಲಸ ಸೋಮೇಶನನ್ನು ಕೊಂದಿರಲಿಲ್ಲ.

ಆಮೇಲೆ ಅವನು ಹೊಲಿಗೆ ನೋಡಿದ.

ಗಾದಿಯ ಗಂಟುಗಳನ್ನು ಟೇಪು ಹಿಡಿದು ಹಾಕುವುದಿಲ್ಲ. ಟೇಪು ಹಿಡಿಯುವವನು ದರ್ಜಿ. ನದಾಫರದು ಗೇಣಿನ ಲೆಕ್ಕ, ಒಂದು ಗೇಣಿಗೆ ಒಂದು ಗಂಟು. ಹೊಲಿದವರ ಕೈ ಎಷ್ಟೋ ಗಂಟಿನ ದೂರ ಅಷ್ಟೇ. ಮಾಶಾಕ ತನ್ನ ಗೇಣನ್ನು ಬಟ್ಟೆಯ ಮೇಲೆ ಇಟ್ಟ. ಎರಡು ಬೆರಳು ಹೆಚ್ಚಾಯಿತು. ಸಣ್ಣ ಕೈ, ಹೆಂಗಸಿನದು. ಕೊನೆಯ ಗಂಟು ಹೊಲಿಗೆಯ ಒಳಗೆ ಮಗುಚಿ ಅಡಗಿತ್ತು. ಅದು ಅವನ ಅಪ್ಪನ ಗಂಟು. ಅಪ್ಪ ಅವನಿಗೆ ಕಲಿಸಿದ್ದ. ಅವನು ಕಲಿಸಿದ್ದು ಒಬ್ಬಳಿಗೇ, ಮಗಳು ಅಮೀರಾಳಿಗೆ.

ಮಾಶಾಕ ಆ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿದ.

“ಯಾರ ಕೈ ಅಂತ ಗೊತ್ತಾಗತೈತೇನ್ರಿ ಕಾಕಾ?” ದುರ್ಗಾಳ ದನಿ ಬಾವಿಯೊಳಗಿಂದ ಬಂದಷ್ಟು ಸಣ್ಣಗಿತ್ತು.

“ಇಲ್ಲವಾ,” ಎಂದ ಮಾಶಾಕ. ನಲವತ್ತು ವರ್ಷದಲ್ಲಿ ಹೊಲಿಗೆಯ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

ಅವಳು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತಲ್ಲ, ಯಾಕೆ ಕೇಳಲಿಲ್ಲ ಎಂದು ಬೇರೆ ದಿನವಾಗಿದ್ದರೆ ಅವನಿಗೆ ಹೊಳೆಯುತ್ತಿತ್ತು. ಇವತ್ತು ಅವನ ತಲೆ ಅವನ ಕೈಯಲ್ಲಿರಲಿಲ್ಲ. ಜೇಬಿನಿಂದ ಫೋನು ತೆಗೆದು ಅಮೀರಾಳಿಗೆ ಹಚ್ಚಿದ. ಸ್ವಿಚ್ ಆಫ್. ಮುಂಜಾನೆ ಮುಂಡರಗಿಯಲ್ಲಿ ಒಂದು ಕೆಲಸ ನೋಡಿ ಬರುತ್ತೇನೆಂದು ಹೋದವಳು. ಇಪ್ಪತ್ತು ದಿನದಿಂದ ಅರ್ಧ ರೊಟ್ಟಿ ತಿಂದು ಏಳುತ್ತಿದ್ದಳು, ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದಳು. ಯಾವ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳೆಂದು ಈಗ ತಿಳಿಯಿತು.

ಮಾಶಾಕ ಕತ್ತರಿ ಹಾಕಿ ಹೊಲಿಗೆ ಬಿಚ್ಚಿ ಹತ್ತಿಯನ್ನು ಎಳೆದ. ಗುಪ್ಪೆಗುಪ್ಪೆಯಾಗಿ ಅದು ನೆಲಕ್ಕೆ ಬಿತ್ತು. ಅದರ ಬೆನ್ನಿಗೆ ತಣ್ಣನೆಯ ಹಸಿ ಗಾಳಿ ಒಳಗಿಳಿಯಿತು, ಗಾಳಿಯ ಜೊತೆ ಮುತ್ತಣ್ಣನ ಮಗ್ಗದ ಸಣ್ಣ ಸದ್ದು.

“ನಾಳೆ ಕೀಳಸಬೇಕಂತಿದ್ನಿ. ನೀವು ಇವತ್ತ ಶುರು ಹಚ್ಚೀರೇನು?”

ವಿಶಾಲ ಬಾಗಿಲಲ್ಲಿ ನಿಂತಿದ್ದ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಅವನಿಗೆ, ಉಗುರುಗಳಲ್ಲಿ ಇನ್ನೂ ಶಾಯಿ. ನೆಲದ ಮೇಲಿನ ಹತ್ತಿ ನೋಡಿ ಅವನ ಮುಖ ಕೆಂಪಾಯಿತು.

ಮಾಶಾಕನಿಗೂ ಒಬ್ಬ ಕಳ್ಳ ಬೇಕಾಗಿತ್ತು, ಮಗಳಲ್ಲದ ಕಳ್ಳ. ಅವನ ಸಿಟ್ಟೆಲ್ಲ ವಿಶಾಲನ ಕಡೆ ಹೊರಳಿತು.

“ಕೀಳಸಾಕ ಅಷ್ಟ್ಯಾಕ ಅವಸರ ತಮ್ಮಾ? ಅಣ್ಣ ಸತ್ತು ತಿಂಗಳಾಗಿಲ್ಲ. ಈ ಬೆಳಕಿಂಡಿ ಯಾರ ಕಣ್ಣಿಗೂ ಬೀಳಬಾರದಂತನೋ?”

“ಹೌದು,” ಎಂದ ವಿಶಾಲ. “ಬೀಳಬಾರದಂತನ.”

ಇಷ್ಟು ಸಲೀಸಾಗಿ ಒಪ್ಪುವ ಅಪರಾಧಿಯನ್ನು ಮಾಶಾಕ ನೋಡಿರಲಿಲ್ಲ.

“ಇದನ್ನ ಹೊಲದವರು ಯಾರು? ಹೇಳ್ರಿ.” ವಿಶಾಲ ಒಂದು ಹೆಜ್ಜೆ ಮುಂದೆ ಬಂದ. “ನಿಮಗ ಗೊತ್ತಿಲ್ಲದ ಹೊಲಿಗಿ ಈ ಸುತ್ತಿನ್ಯಾಗ ಐತೇನು?”

“ಗೊತ್ತಾಗಲಿಲ್ಲ.”

“ಗೊತ್ತಾಗೈತಿ. ಹೇಳಾಕ ಬಾಯಿ ಇಲ್ಲ. ನನಗೂ ಇಲ್ರಿ ಕಾಕಾ. ನೀವು ನಿಮ್ಮವರ ಸಲುವಾಗಿ ಮುಚ್ಚತೀರಿ, ನಾ ನಮ್ಮವರ ಸಲುವಾಗಿ ಮುಚ್ಚಾಕ ಹತ್ತಿದ್ನಿ. ಕಳ್ಳ ಅಂತ ನನಗ ಅನ್ನೂದಿದ್ರ, ಇದನ್ನೊಂದು ಕೇಳಿ ಅನ್ರಿ!”

“ವಿಶಾಲಾ, ಏನದು?” ಎಂದಳು ದುರ್ಗಾ.

“ನೀವು ಹೊರಗ ಹೋಗ್ರಿ ವೈನಿ.”

“ನಾ ಹೋಗಂಗಿಲ್ಲ.”

ಸೋಮೇಶ ಹಾಡು ರೆಕಾರ್ಡ್ ಮಾಡುತ್ತಿದ್ದ ಮೂಲೆಯ ಕಂಪ್ಯೂಟರನ್ನು ವಿಶಾಲ ತೆರೆದ. “ಅಣ್ಣ ಆ ದಿನ ಹಾಡಿ ಮುಗಿಸಿ ಮಷೀನು ಬಂದ್ ಮಾಡೂದು ಮರತಿದ್ದ,” ಎಂದ. “ಹಂಗ ಮಲಕೊಂಡಾನ. ಅದು ಎಲ್ಲಾ ಹಿಡಕೊಂಡೈತಿ.”

ಸ್ಪೀಕರಿನಲ್ಲಿ ಮೊದಲು ಬಂದದ್ದು ಮಗ್ಗದ ದೂರದ ಸದ್ದು. ಆಮೇಲೆ ಉಸಿರು. ಮಲಗಿದ ಗಂಡಸಿನ ದೀರ್ಘ, ನಿಧಾನ ಉಸಿರು. ದುರ್ಗಾ ಬಾಯಿಗೆ ಸೆರಗು ಒತ್ತಿಕೊಂಡಳು. ಉಸಿರಿನ ನಡುವೆ ದಪ್ಪ ಬಟ್ಟೆಯಲ್ಲಿ ದಾರ ಎಳೆಯುವ ಸರ್ರ್ ಎಂಬ ಸದ್ದು. ಮಾಶಾಕನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಕ್ಕಾರ, ಅಣ್ಣಾರು ಇಲ್ಲೇ ಮಲಗ್ಯಾರಲ್ರಿ. ಎಬ್ಬಿಸೂನೇನು?” ಅಮೀರಾಳ ದನಿ.

“ಬ್ಯಾಡ ಬ್ಯಾಡ.” ಇದು ದುರ್ಗಾಳದು, ಪಿಸುಮಾತು, ಅದರಲ್ಲಿ ನಗು ಬೇರೆ. “ಮಗ್ಗದ ಸಪ್ಪಳಕ್ಕ ಎರಡು ದಿನಾ ನಿದ್ದಿಲ್ಲ, ಹಾಡಿಲ್ಲ. ಏಳೂದ್ರಾಗ ಸಪ್ಪಳ ಹೋಗಿರಲಿ. ಖುಷಿ ಆಗ್ತಾರ. ನೀ ಹೊಲಿ ನಮ್ಮವ್ವಾ.”

ಒಂದೊಂದು ಹೊಲಿಗೆಗೂ ಮಗ್ಗದ ಸದ್ದು ತೆಳ್ಳಗಾಗುತ್ತ ಹೋಯಿತು. ಕೊನೆಗೆ ನಿಂತೇಹೋಯಿತು. ಉಳಿದದ್ದು ಉಸಿರು ಮಾತ್ರ.

“ಬಾಗಲಾ ಒಂದು ಗೇಣು ತೆರದಿರಲಿ, ಸೆಕಿ ಆದೀತು,” ಎಂದಿತು ದುರ್ಗಾಳ ದನಿ. “ಬಾ, ನಿನ್ನ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿ ಬರ್ತೀನಿ.”

ವಿಶಾಲ ನಿಲ್ಲಿಸಿದ.

“ನಾನ ಕೊಂದ್ನಿ,” ಎಂದಳು ದುರ್ಗಾ. ಅಳಲಿಲ್ಲ. ನೆಲದ ಮೇಲಿನ ಹತ್ತಿಯನ್ನೇ ನೋಡುತ್ತ ಕುಸಿದು ಕೂತಳು. “ನೀವು ಹೇಳಿದಾಗ ನನಗ ತಿಳೀತ್ರಿ ಕಾಕಾ. ನಾನ ಅಮೀರಾಗ ಫೋನ್ ಮಾಡಿ ಕರಸಿದ್ನಿ. ಇವರಿಗೂ ನಿಮಗೂ ಹೇಳೂದು ಬ್ಯಾಡ ಅಂದಿದ್ನಿ. ಪಕ್ಕದಾಗ ನಿಂತು, ಇನ್ನೂ ಬಿಗಿಯಾಗಿ ತುಂಬು, ಇನ್ನೂ ಬಿಗಿಯಾಗಿ ತುಂಬು ಅಂತ ಹೇಳಿದಾಕಿ ನಾನ.”

“ವೈನಿ, ನಿಮಗ ಗೊತ್ತಿರಲಿಲ್ಲ,” ಎಂದ ವಿಶಾಲ. “ಅದಕ್ಕ ನಾ ಇದನ್ನೆಲ್ಲಾ ಸುಟ್ಟು ಬಿಡಬೇಕಂತಿದ್ನಿ. ನೀವು ಬದುಕಬೇಕಲ್ಲ.”

“ಗೊತ್ತಿರಲಿಲ್ಲ. ಯಾಕ ಗೊತ್ತಿರಲಿಲ್ಲ?” ಮಾಶಾಕ ಹಣೆಗೆ ಕೈ ಹಚ್ಚಿಕೊಂಡ. “ಬೆಳಕಿಂಡಿ ಮುಚ್ಚಬ್ಯಾಡಾ, ಜೀವಕ್ಕ ಕುತ್ತು ಅಂತ ನಾ ಸೋಮೇಶಪ್ಪಗ ಹೇಳಿದ್ನಿ. ನೀ ಚಾ ತಂದಿಟ್ಟಿ, ನಿನ್ನ ಮುಂದ ಹೇಳಲಿಲ್ಲ. ಮನಿಗೆ ಹೋಗಿ ನನ್ನ ಮಗಳ ಮುಂದೂ ಹೇಳಲಿಲ್ಲ. ಹೊಲಿಯಾಕಿ ಆಕಿ, ಮನಿ ನೋಡಕೊಳ್ಳಾಕಿ ನೀನು. ಗಂಡಸರ ಮಾತು ಗಂಡಸರಾಗ ಮುಗಿಸಿ, ಶಾಣ್ಯಾ ಅನ್ನಿಸಿಕೊಂಡು ಹೋದ್ನಿ. ಕೈ ಆಕಿದವಾ, ಪಾಪ ನಂದು.”

ಬೆಳಕಿಂಡಿಯಿಂದ ಮಗ್ಗದ ಸದ್ದು ಸಣ್ಣಗೆ ಇಳಿಯುತ್ತಲೇ ಇತ್ತು. ದುಃಖ ಎಷ್ಟೇ ಇರಲಿ, ಪತ್ತೇದಾರನ ತಲೆ ಅನ್ನುವುದು ಹಾಳು ಬೆಕ್ಕಿನ ಜಾತಿ, ಸುಮ್ಮನೆ ಕೂಡುವುದಿಲ್ಲ. ಮಾಶಾಕ ಕತ್ತೆತ್ತಿದ.

“ತಂಗೀ, ಬಾಗಲಾ ಒಂದು ಗೇಣು ತೆರದಿತ್ತಲ್ಲ?”

“ತೆರದಿತ್ರಿ. ನಾನ ಬಿಟ್ಟು ಹೋಗಿದ್ನಿ.”

“ತೆರದ ಬಾಗಲಾ ಇದ್ರ ಇದ್ದಿಲದ ಹವಾ ಹೊರಗ ಹೋಗತೈತಿ. ತಲಿ ನೋವು ಬರಬೇಕು, ಜೀವ ಹೋಗಬಾರದು.” ಅವನು ವಿಶಾಲನ ಕಡೆ ತಿರುಗಿದ. “ಇದರ ಮುಂದಿಂದು ಕೇಳಿಯೇನು?”

“ಇಲ್ರಿ. ಇಷ್ಟು ಕೇಳಿದ್ದ ಸಾಕಾಗಿತ್ತು.”

“ಹಚ್ಚು.”

ವಿಶಾಲ ಹಚ್ಚಿದ. ಫೈಲು ಮುಂದೆ ಓಡಿತು. ಉಸಿರು, ಉಸಿರು, ಬರೀ ಉಸಿರು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಕಿರ್ರೆಂದಿತು.

ಯಾರೋ ಒಳಗೆ ಬಂದರು. ಹೆಜ್ಜೆ ಜಮಖಾನೆಯ ಮೇಲೆ ಮೆತ್ತಗೆ ಬಿದ್ದವು. ನಿಂತವು. ಆ ಮನುಷ್ಯ ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ಕಬ್ಬಿಣದ ಕಾಲು ಕಲ್ಲುಹಾಸಿನ ಮೇಲೆ ಗರ್ರನೆ ಎಳೆದ ಸದ್ದು. ಮೂಲೆಯ ಶೇಗಡಿಯನ್ನು ಮಲಗಿದವನ ತಲೆದೆಸೆಗೆ ಸರಿಸುತ್ತಿದ್ದರು.

“ಅಯ್ಯೋ ಶಿವನ,” ಎಂದಳು ದುರ್ಗಾ.

ಸೋಮೇಶ ನಿದ್ದೆಯಲ್ಲೇ ಏನೋ ಅಂದ. “ನೀರು” ಎಂದ ಹಾಗಿತ್ತು. ಬಂದವರು ಉತ್ತರ ಕೊಡಲಿಲ್ಲ. ಹೆಜ್ಜೆ ಹಿಂದಕ್ಕೆ ಹೋದವು. ಬಾಗಿಲು ಪೂರ್ತಿ ಮುಚ್ಚಿತು. ಆಮೇಲೆ ಚಿಲಕ ಬಿತ್ತು. ಮೈಕಿನಿಂದ ದೂರದಲ್ಲಿ, ಕದದ ಆಚೆ ಬದಿಯಲ್ಲಿ.

“ಹೊರಗಿಂದ,” ಎಂದ ಮಾಶಾಕ. “ಚಿಲಕಾ ಹೊರಗಿಂದ ಹಾಕ್ಯಾರ. ನೀ ಕೊಂದಿಲ್ಲವಾ. ಅಮೀರಾನೂ ಕೊಂದಿಲ್ಲ.” ಅವನ ಕಣ್ಣಲ್ಲಿ ನೀರು ನಿಂತಿತ್ತು, ಆದರೆ ಮಾತು ನಿಲ್ಲಲಿಲ್ಲ. “ಒಳಗಿಂದ ಹಾಕಿತ್ತು, ಮುರದು ಒಳಗ ಹೊಕ್ನಿ ಅಂತ ಆ ದಿನ ನಿನಗ ಹೇಳಿದವರು...”

ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗಗಳು ನಿಂತವು. ಒಂದೊಂದಾಗಿ ಅಲ್ಲ, ಒಮ್ಮೆಲೇ.

ಮೂವರೂ ತಲೆ ಎತ್ತಿದರು. ಅಕ್ಕಪಕ್ಕದ ಮಾಳಿಗೆಗಳು ಒಂದಕ್ಕೊಂದು ಕೂಡಿದ ಓಣಿ ಅದು. ಮೇಲೆ ಯಾರೋ ನಡೆದರು, ತೊಲೆಯ ಸಂದಿನಿಂದ ಒಂದಿಷ್ಟು ಮಣ್ಣು ಉದುರಿತು. ಈಗಷ್ಟೇ ಬಾಯಿ ಬಿಡಿಸಿದ ಬೆಳಕಿಂಡಿ ಕತ್ತಲಾಯಿತು. ಹೊರಗಿನ ಸದ್ದು ಒಳಗೆ ಬರುವ ದಾರಿಯಲ್ಲಿ ಒಳಗಿನ ಮಾತೂ ಹೊರಗೆ ಹೋಗುತ್ತದೆಂಬ ಸಾದಾ ಸಂಗತಿ, ಅದನ್ನೇ ಕಸುಬು ಮಾಡಿಕೊಂಡ ಮಾಶಾಕನಿಗೆ ಆಗ ನೆನಪಾಯಿತು.

“ಬಂದ್ ಮಾಡು ವಿಶಾಲಾ, ಮುಂದ ಏನಿಲ್ಲ ಅದರಾಗ,” ಎಂದಿತು ಮುತ್ತಣ್ಣನ ದನಿ. ಸೊಟ್ಟ ದಾರಿಯಲ್ಲಿ ಬಂದದ್ದಕ್ಕೋ ಏನೋ, ಅದು ಬಹಳ ಮೆತ್ತಗಿತ್ತು. “ಮಾಶಾಕಣ್ಣಾ, ಆ ಕಂಪ್ಯೂಟರ್ ತಗೊಂಡು ನೀ ಒಬ್ಬಾವನ ನಮ್ಮ ಮನಿಗೆ ಬಾ. ನಿನ್ನ ಮಗಳು, ಬೆಳಕಿಂಡಿ ಹೊಲದದ್ದು ಎಲ್ಲಾ ಹೇಳಿಬಿಡ್ತೀನಿ ಅಂತ ಮುಂಜಾನೆ ದುರ್ಗಾನ ಮನಿಗೆ ಬರೂಮುಂದ ನನಗ ಸಿಕ್ಕಾಳ. ಒಳಗಿನ ಖೋಲ್ಯಾಗ ಕುಂಡ್ರಿಸೀನಿ. ಮಳಿಗೆ ಪೂರಾ ತೊಯ್ದಿತ್ತು ಹುಡುಗಿ, ಥಂಡಿ ಆಗಬಾರದಂತ ಶೇಗಡಿ ಹಚ್ಚಿಟ್ಟು ಬಂದೀನಿ.”